ಬಾಣದ ಮೇಲೆ ಬರೆಯದೆ ಉಳಿದದ್ದು

2019ರ ಜುಲೈ 17ರಂದು ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿಗೆ ಅಪರಿಚಿತರೊಬ್ಬರ ಇಮೇಲ್ ಬಂತು. ನಿಮ್ಮದೆಂದು ಕಾಣುವ ಮಾಹಿತಿ ಗಿಟ್‌ಹಬ್ ತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಬಿದ್ದಿದೆ ಎಂಬುದು ಅದರ ಸಾರ. ಬ್ಯಾಂಕಿನವರು ತನಿಖೆಗೆ ಇಳಿದಾಗ ತಿಳಿಯಿತು, ಕಳವು ಮಾರ್ಚ್ ತಿಂಗಳಲ್ಲೇ ನಡೆದುಹೋಗಿತ್ತು. ಅಮೆರಿಕದ ಸುಮಾರು 10 ಕೋಟಿ ಜನರ, ಕೆನಡಾದ ಸುಮಾರು 60 ಲಕ್ಷ ಜನರ ವಿವರ ಹೊರಗೆ ಹೋಗಿತ್ತು. ಕ್ರೆಡಿಟ್ ಕಾರ್ಡಿಗೆಂದು 2005ರಿಂದ ಅರ್ಜಿ ಹಾಕಿಕೊಂಡು ಬಂದವರ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ವರಮಾನ ಎಲ್ಲವೂ ಅದರಲ್ಲಿತ್ತು.

ಬ್ಯಾಂಕು ತನ್ನ ವ್ಯವಸ್ಥೆಯನ್ನು ಅಮೆಜಾನ್ ವೆಬ್ ಸರ್ವಿಸಸ್, ಅಂದರೆ ಎಡಬ್ಲ್ಯೂಎಸ್ ಕ್ಲೌಡ್‌ನಲ್ಲಿ ಇಟ್ಟಿತ್ತು. ಹೊರಗಿನಿಂದ ಬರುವ ಕೋರಿಕೆಗಳನ್ನು ಸೋಸಲು ಒಂದು ವೆಬ್ ಫೈರ್‌ವಾಲ್ ಇತ್ತು. ಅದನ್ನು ಹೊಂದಿಸುವಾಗ ತಪ್ಪೊಂದು ಉಳಿದುಬಿಟ್ಟಿತ್ತು. ಭದ್ರತಾ ತಜ್ಞರು ವಿವರಿಸಿದಂತೆ, ಹೊರಗಿನವರು ಹೇಳಿದ ವಿಳಾಸಕ್ಕೆ ಅದು ತಾನೇ ಹೋಗಿ ವಿಚಾರಿಸಿ ಉತ್ತರ ತಂದುಕೊಡುತ್ತಿತ್ತು. ದಾಳಿಕೋರರು ಕೇಳಿದ ವಿಳಾಸ 169.254.169.254. ಎಡಬ್ಲ್ಯೂಎಸ್‌ನ ಸರ್ವರ್ ತನ್ನ ವಿವರಗಳನ್ನು ತಾನೇ ಕೇಳಿ ತಿಳಿಯಲು ಇರುವ ಒಳಗಿನ ವಿಳಾಸ ಅದು. ಫೈರ್‌ವಾಲ್ ಸರ್ವರ್‌ಗೆ ಕೊಟ್ಟಿದ್ದ ರೋಲ್‌ನ, ಅಂದರೆ ಅನುಮತಿಗಳ ಕಟ್ಟಿನ, ತಾತ್ಕಾಲಿಕ ಕೀಲಿ ಅಲ್ಲಿ ಸಿಕ್ಕಿತು. ಆ ರೋಲ್‌ಗೆ ಸಂಗ್ರಹದ ಬಕೆಟ್‌ಗಳ ಪಟ್ಟಿ ತೆಗೆಯುವ ಅನುಮತಿಯೂ ಇತ್ತು, ಓದುವ ಅನುಮತಿಯೂ ಇತ್ತು. 700ಕ್ಕೂ ಹೆಚ್ಚು ಬಕೆಟ್‌ಗಳ ಪಟ್ಟಿ ಬಂತು. ಮಾಹಿತಿಯನ್ನು ಗೂಢಲಿಪಿಯಲ್ಲೇ ಇಟ್ಟಿದ್ದೆವು, ಆದರೆ ಈ ಪ್ರಕರಣದಲ್ಲಿ ಅಕ್ರಮವಾಗಿ ಒಳಹೊಕ್ಕವರಿಗೆ ಅದನ್ನು ಬಿಡಿಸುವುದೂ ಸಾಧ್ಯವಾಯಿತು ಎಂದು ಬ್ಯಾಂಕೇ ಹೇಳಿಕೊಂಡಿತು. ಮರುವರ್ಷ ಅಮೆರಿಕದ ಬ್ಯಾಂಕಿಂಗ್ ನಿಯಂತ್ರಕರು 8 ಕೋಟಿ ಡಾಲರ್ ದಂಡ ಹಾಕಿದರು.

ಈಗ ಇಂಥದೊಂದು ವ್ಯವಸ್ಥೆಯನ್ನು ಕಾಗದದ ಮೇಲೆ ಬರೆಯೋಣ. ಕ್ಲೌಡ್ ಕೆಲಸದಲ್ಲಿರುವವರು ದಿನವೂ ಬರೆಯುವ ರೀತಿಯಲ್ಲೇ, ಕಂಪನಿ ಕೊಡುವ ಅಧಿಕೃತ ಐಕಾನ್‌ಗಳನ್ನೇ ಬಳಸೋಣ. ಎಡಕ್ಕೆ ಬಳಕೆದಾರ. ಪಕ್ಕದಲ್ಲಿ ಇಂಟರ್ನೆಟ್ಟಿನ ಮೋಡ. ಅದರಿಂದ ಒಂದು ಬಾಣ ಕೆಂಪು ಬಣ್ಣದ ಫೈರ್‌ವಾಲ್‌ಗೆ, ಅಲ್ಲಿಂದ ಇನ್ನೊಂದು ಬಾಣ ಕಿತ್ತಳೆ ಬಣ್ಣದ ಸರ್ವರ್‌ಗೆ, ಅಲ್ಲಿಂದ ಹಸಿರು ಬಣ್ಣದ ಬಕೆಟ್‌ಗೆ. ಬಕೆಟ್ಟಿನ ಪಕ್ಕದಲ್ಲಿ ಗೂಢಲಿಪಿ ಸೇವೆಯ ಕೆಂಪು ಐಕಾನ್. ಚಿತ್ರ ಚೆನ್ನಾಗಿದೆ, ಒಂದು ಐಕಾನೂ ತಪ್ಪಿಲ್ಲ. ಸಭೆಯಲ್ಲಿ ಪರದೆಯ ಮೇಲೆ ಹಾಕಿದರೆ ಎಲ್ಲರೂ ತಲೆದೂಗುತ್ತಾರೆ. ಆದರೆ ಕಳವು ನಡೆದ ದಾರಿ ಇದರಲ್ಲಿ ಕಾಣುವುದೇ ಇಲ್ಲ. ಆ ದಾರಿಗೆ ಹೊಸ ಐಕಾನ್ ಏನೂ ಬೇಕಿರಲಿಲ್ಲ, ಫೈರ್‌ವಾಲ್‌ನಿಂದ ನೇರವಾಗಿ ಬಕೆಟ್‌ಗೆ ಒಂದು ಬಾಣ ಸಾಕಿತ್ತು. ಅಂಥ ಬಾಣ ಅನುಮತಿಗಳ ಪಟ್ಟಿಯಲ್ಲಿ ಇರುತ್ತದೆ. ಚಿತ್ರ ಬರೆಯುವವರಿಗೆ ಮಾತ್ರ ಅದು ಹೊಳೆಯುವುದಿಲ್ಲ, ಏಕೆಂದರೆ ಸೋಸುವ ಯಂತ್ರಕ್ಕೆ ಸಂಗ್ರಹವನ್ನು ಓದುವ ಕೆಲಸ ಇರುತ್ತದೆಂದು ಯಾರೂ ಎಣಿಸುವುದಿಲ್ಲ.

ಐಕಾನ್‌ಗಳಿಂದ ಪ್ರಯೋಜನವಿಲ್ಲ ಎಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಅವು ಇಲ್ಲದ ಕಾಲವನ್ನು ನೆನೆಸಿಕೊಂಡರೆ ಅವುಗಳ ಬೆಲೆ ಗೊತ್ತಾಗುತ್ತದೆ. ವೈಟ್‌ಬೋರ್ಡಿನ ಮೇಲೆ ಒಬ್ಬರು ಡೇಟಾಬೇಸನ್ನು ಉರುಳೆಯಾಗಿ ಬರೆದರೆ ಇನ್ನೊಬ್ಬರು ಬರೀ ಚೌಕ ಎಳೆಯುತ್ತಿದ್ದರು, ಮೂರನೆಯವರ ಉರುಳೆ ಡಿಸ್ಕ್ ಆಗಿರುತ್ತಿತ್ತು. ಸಭೆಯ ಮೊದಲ ಕಾಲು ಗಂಟೆ ಯಾವುದು ಏನು ಎಂದು ಕೇಳುವುದರಲ್ಲೇ ಕಳೆಯುತ್ತಿತ್ತು. ನೆಟ್‌ವರ್ಕ್ ಜಗತ್ತಿನಲ್ಲಿ ಸಿಸ್ಕೊ ಕಂಪನಿ ತನ್ನ ಐಕಾನ್‌ಗಳನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟ ಮೇಲೆ ಬಾಣಗಳಿರುವ ದುಂಡು ಬಿಲ್ಲೆ ಎಂದರೆ ರೂಟರ್, ಇಟ್ಟಿಗೆ ಗೋಡೆ ಎಂದರೆ ಫೈರ್‌ವಾಲ್ ಎಂಬುದು ಆ ಕಂಪನಿಯ ಯಂತ್ರವನ್ನೇ ಮುಟ್ಟದವರಿಗೂ ಗೊತ್ತಾಯಿತು. ಮೋಡದ ಗುರುತಂತೂ ಅದಕ್ಕೂ ಹಳೆಯದು. ನಮ್ಮ ಕೈಯಲ್ಲಿಲ್ಲದ, ಒಳಗೆ ಏನಿದೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲದ ಜಾಲವನ್ನು ಎಂಜಿನಿಯರುಗಳು ಮೋಡವಾಗಿ ಬರೆಯುತ್ತಿದ್ದರು. ಇಂದು ಅದೇ ಮೋಡದ ಒಳಗೆ ನಮ್ಮ ಬ್ಯಾಂಕು, ಆಸ್ಪತ್ರೆ, ಪರೀಕ್ಷೆಯ ಅಂಕಪಟ್ಟಿ ಎಲ್ಲವೂ ಹೋಗಿ ಕುಳಿತಿವೆ. ಒಳಗೆ ಏನಿದೆ ಎಂಬುದನ್ನೇ ಈಗ ಬರೆಯಬೇಕಾಗಿದೆ.

ಎಲ್ಲರಿಗೂ ಒಂದೇ ಗುರುತು ಇರಬೇಕೆಂಬ ಹಟಕ್ಕೆ ದೊಡ್ಡ ಹಿನ್ನೆಲೆ ಇದೆ. ವಿಯೆನ್ನಾದಲ್ಲಿ 1925ರಲ್ಲಿ ಸಮಾಜ ಮತ್ತು ಆರ್ಥಿಕತೆಯ ವಸ್ತುಸಂಗ್ರಹಾಲಯ ಕಟ್ಟಿದ ಒಟ್ಟೊ ನ್ಯೂರಾತ್, ಅಂಕಿಅಂಶಗಳನ್ನು ಸಾಮಾನ್ಯ ಕಾರ್ಮಿಕರೂ ಓದುವಂತೆ ಚಿತ್ರಗುರುತುಗಳಲ್ಲಿ ತೋರಿಸಲು ಹೊರಟರು. ಮುಂದೆ ಐಸೊಟೈಪ್ ಎಂದು ಹೆಸರಾದ ಆ ಪದ್ಧತಿಗೆ ಕಲಾವಿದ ಗೆರ್ಡ್ ಆರ್ಂಟ್ಸ್ ಸಾವಿರಾರು ಗುರುತುಗಳನ್ನು ಕೆತ್ತಿಕೊಟ್ಟರು. ನ್ಯೂರಾತ್ ಅವರ ಒಂದು ನಿಯಮ ಇಂದಿಗೂ ನನಗೆ ಅತ್ಯಂತ ಉಪಯುಕ್ತ ಅನಿಸುತ್ತದೆ. ಸಂಖ್ಯೆ ಹೆಚ್ಚಾದರೆ ಗುರುತನ್ನು ದೊಡ್ಡದಾಗಿ ಬರೆಯಬೇಡಿ, ಅದೇ ಅಳತೆಯ ಗುರುತನ್ನು ಹೆಚ್ಚು ಸಲ ಬರೆಯಿರಿ. ಕ್ಲೌಡ್ ಚಿತ್ರದಲ್ಲಿ ಎರಡು ಅವೈಲಬಿಲಿಟಿ ಝೋನ್‌ಗಳಲ್ಲಿ, ಅಂದರೆ ಒಂದು ಕೆಟ್ಟರೂ ಇನ್ನೊಂದು ನಡೆಯುವಂತೆ ಬೇರೆ ಬೇರೆಯಾಗಿ ಇಟ್ಟ ಡೇಟಾ ಕೇಂದ್ರಗಳಲ್ಲಿ, ಒಂದೊಂದು ಸರ್ವರ್ ಇದ್ದರೆ ಐಕಾನನ್ನು ಎರಡು ಕಡೆಯೂ ಬರೆಯಬೇಕು. ಒಂದೇ ಬರೆದು ಮೂಲೆಯಲ್ಲಿ ಎರಡು ಎಂದು ಗೀಚಿದರೆ, ಒಂದು ಝೋನ್ ಬಿದ್ದ ದಿನ ಯಾವ ದಾರಿ ಉಳಿಯುತ್ತದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಕಥೆ 1966ರದು. ಡೌ ಕೆಮಿಕಲ್ ಕಂಪನಿಯಲ್ಲಿದ್ದ ಚಾರ್ಲ್ಸ್ ಬಾಲ್ಡ್‌ವಿನ್ ಮತ್ತು ಸಂಗಡಿಗರು ಜೈವಿಕ ಅಪಾಯದ ಗುರುತನ್ನು ಆರಿಸುವಾಗ ಹಲವು ಚಿತ್ರಗಳನ್ನು ಜನರ ಮುಂದಿಟ್ಟು ಎರಡು ವಿಷಯ ನೋಡಿದರು. ಯಾವುದು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ? ಯಾವುದಕ್ಕೆ ಜನರ ಮನಸ್ಸಿನಲ್ಲಿ ಈಗಾಗಲೇ ಯಾವ ಅರ್ಥವೂ ಅಂಟಿಕೊಂಡಿಲ್ಲ? ನೆನಪಿಗೆ ಗಟ್ಟಿಯಾಗಿ, ಅರ್ಥಕ್ಕೆ ಖಾಲಿಯಾಗಿ ಇದ್ದ ಗುರುತೇ ಗೆದ್ದಿತು. ಇಂದು ಆಸ್ಪತ್ರೆಯ ಹಳದಿ ಚೀಲಗಳ ಮೇಲೆ ನಾವು ನೋಡುವುದು ಅದನ್ನೇ. ಕ್ಲೌಡ್ ಐಕಾನ್‌ಗಳು ಈ ಪಾಠವನ್ನು ಕಲಿತಿಲ್ಲ. ಅವುಗಳಿಗೆ ಅರ್ಥ ಮೊದಲೇ ತುಂಬಿಬಿಟ್ಟಿದೆ. ಬೀಗ, ಗುರಾಣಿ, ಗೋಡೆ, ಕೀಲಿಗಳನ್ನು ನೋಡಿದ ತಕ್ಷಣ ಇಲ್ಲಿ ಕಾವಲಿದೆ ಎಂದು ಮನಸ್ಸು ನಂಬಿಬಿಡುತ್ತದೆ. ಕಾವಲು ಇದೆಯೋ ಇಲ್ಲವೋ ಬೇರೆ ಮಾತು. ಗುರಾಣಿಯ ಐಕಾನ್ ಹೇಳುವುದು ಆ ಸೇವೆಯನ್ನು ಕೊಂಡಿದ್ದೇವೆ ಎಂಬುದನ್ನು ಮಾತ್ರ.

ಎಡಬ್ಲ್ಯೂಎಸ್‌ನ ಐಕಾನ್ ಗುಚ್ಛವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ವರ್ಷಕ್ಕೆ ಕೆಲವು ಸಲ ಅದು ಹೊಸದಾಗುತ್ತದೆ. ಸೇವೆಯ ವರ್ಗಕ್ಕೆ ಒಂದೊಂದು ಬಣ್ಣ. ಲೆಕ್ಕಾಚಾರದ ಸೇವೆಗಳಿಗೆ ಕಿತ್ತಳೆ, ಸಂಗ್ರಹಕ್ಕೆ ಹಸಿರು, ನೆಟ್‌ವರ್ಕ್‌ಗೆ ನೇರಳೆ, ಭದ್ರತೆ ಮತ್ತು ಗುರುತಿನ ಸೇವೆಗಳಿಗೆ ಕೆಂಪು. ಮೈಕ್ರೋಸಾಫ್ಟ್ ತನ್ನ ಅಝೂರ್ ಐಕಾನ್‌ಗಳ ಜೊತೆ ನಿಯಮಗಳನ್ನೂ ಕೊಡುತ್ತದೆ. ಐಕಾನನ್ನು ಕತ್ತರಿಸಬಾರದು, ತಿರುಗಿಸಬಾರದು, ಮಗುಚಬಾರದು, ಆಕಾರ ಕೆಡಿಸಬಾರದು, ಪಕ್ಕದಲ್ಲಿ ಸೇವೆಯ ಹೆಸರು ಇರಬೇಕು. ಹೆಸರು ಬರೆಯಿರಿ ಎಂಬ ಈ ಕೊನೆಯ ನಿಯಮವನ್ನು ಜನ ಹಗುರಾಗಿ ನೋಡುತ್ತಾರೆ. ಅದು ಎಲ್ಲಕ್ಕಿಂತ ಮುಖ್ಯವಾದದ್ದು. ಕೆಂಪು ಹಸಿರಿನ ವ್ಯತ್ಯಾಸ ಗುರುತಿಸಲಾಗದವರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಆಡಿಟರ್ ಕೈಗೆ ಹೋಗುವ ಪ್ರತಿ ಕಪ್ಪುಬಿಳುಪಿನ ಪ್ರಿಂಟ್‌ನಲ್ಲಿ ಎಲ್ಲರೂ ಅವರಂತೆಯೇ ಆಗುತ್ತಾರೆ. ಹೆಸರಿಲ್ಲದ ಐಕಾನ್ ಆಗ ಬರೀ ಬೂದು ಚೌಕ.

ಐಕಾನ್‌ಗಳಿಗಿಂತ ಹೆಚ್ಚು ಕೆಲಸ ಮಾಡುವವು ಅವುಗಳ ಸುತ್ತಲಿನ ಚೌಕಟ್ಟುಗಳು. ಹೊರಗಿನ ದೊಡ್ಡ ಚೌಕ ಇಡೀ ಕ್ಲೌಡ್, ಒಳಗೆ ರೀಜನ್, ಅದರೊಳಗೆ ವಿಪಿಸಿ ಎಂಬ ಖಾಸಗಿ ಜಾಲ, ಅದರೊಳಗೆ ಸಬ್‌ನೆಟ್‌ಗಳು. ಸಾರ್ವಜನಿಕ ಸಬ್‌ನೆಟ್ಟಿಗೆ ಹಸಿರು, ಖಾಸಗಿ ಸಬ್‌ನೆಟ್ಟಿಗೆ ನೀಲಿ. ಮಲೆನಾಡಿನ ಹಳೆಯ ಮನೆಯಲ್ಲಿ ದಾರಿಹೋಕರು ಜಗುಲಿಯವರೆಗೆ, ನೆಂಟರು ನಡುಮನೆಯವರೆಗೆ, ಮನೆಯವರು ಮಾತ್ರ ಒಳಕೋಣೆಯವರೆಗೆ ಎಂಬ ಲೆಕ್ಕ ಇರುತ್ತಿತ್ತಲ್ಲ, ಬಹುಪಾಲು ಅದೇ ಲೆಕ್ಕ ಇಲ್ಲಿಯೂ. ವೆಬ್ ಸರ್ವರ್ ಹೊರಗಿನ ಸಬ್‌ನೆಟ್ಟಿನಲ್ಲಿ, ಡೇಟಾಬೇಸ್ ಒಳಗಿನದರಲ್ಲಿ.

ಆದರೆ ಹಸಿರು ನೀಲಿ ಎಂಬುದು ಬರೆದವರ ಹೇಳಿಕೆ ಅಷ್ಟೆ. ಸಬ್‌ನೆಟ್ ಒಂದು ಸಾರ್ವಜನಿಕವಾಗುವುದು ಅದರ ರೂಟ್ ಟೇಬಲ್‌ನಲ್ಲಿ ಇಂಟರ್ನೆಟ್ ಗೇಟ್‌ವೇಗೆ ಹೋಗುವ ಒಂದು ಸಾಲು ಇದ್ದರೆ. ಯಾರೋ ತುರ್ತಿಗೆ ಆ ಸಾಲು ಸೇರಿಸಿ ತೆಗೆಯಲು ಮರೆತರೆ ಚಿತ್ರದ ನೀಲಿ ಚೌಕ ನೀಲಿಯಾಗಿಯೇ ಉಳಿದು, ವಾಸ್ತವದಲ್ಲಿ ಅದು ಹಸಿರಾಗಿರುತ್ತದೆ. ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಸಂಗ್ರಹದ ಬಕೆಟನ್ನು ವಿಪಿಸಿ ಚೌಕದ ಒಳಗೆ ಬರೆಯುವುದು. ಎಸ್3 ಎಂಬ ಆ ಸೇವೆ ವಿಪಿಸಿಯ ಒಳಗೆ ಇರುವುದೇ ಇಲ್ಲ. ಅದು ಹೊರಗಿರುತ್ತದೆ, ಅದಕ್ಕೆ ತನ್ನದೇ ಸಾರ್ವಜನಿಕ ವಿಳಾಸ ಇದೆ. ಖಾಸಗಿ ಜಾಲದಿಂದ ಅದನ್ನು ಮುಟ್ಟಲು 2015ರಿಂದ ಎಂಡ್‌ಪಾಯಿಂಟ್ ಎಂಬ ವಿಶೇಷ ಬಾಗಿಲು ಬಂದಿದೆ, ಅದನ್ನು ಬೇಕೆಂದೇ ಹಾಕಿಕೊಳ್ಳಬೇಕು. ಬಕೆಟನ್ನು ಚೌಕದೊಳಗೆ ಬರೆದವರಿಗೆ ಅದು ನೆಟ್‌ವರ್ಕ್ ಗೋಡೆಗಳ ರಕ್ಷಣೆಯಲ್ಲಿದೆ ಎಂಬ ಭಾವನೆ ಬರುತ್ತದೆ. ನಿಜವಾಗಿ ಬಕೆಟನ್ನು ಕಾಯುತ್ತಿರುವುದು ಮುಖ್ಯವಾಗಿ ಅನುಮತಿಗಳ ಬರಹ. ಎರಡು ಅಂಗುಲ ಆಚೀಚೆ ಬರೆದ ಐಕಾನ್ ಇಡೀ ತಂಡದ ಗಮನವನ್ನು ತಪ್ಪು ಕಾವಲಿನ ಕಡೆಗೆ ತಿರುಗಿಸಬಲ್ಲದು.

ಅದೇ ಬಕೆಟ್ಟಿನ ಇನ್ನೊಂದು ಸಂಗತಿ. 2023ರ ಜನವರಿಯಿಂದ ಹೊಸದಾಗಿ ಸೇರುವ ಪ್ರತಿ ವಸ್ತುವೂ ತಾನಾಗಿ ಗೂಢಲಿಪಿಗೆ ಹೋಗುತ್ತದೆ. ಅದೇ ವರ್ಷದ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳು ತಾವಾಗಿ ಸಾರ್ವಜನಿಕರಿಗೆ ಮುಚ್ಚಿಕೊಂಡೇ ಹುಟ್ಟುತ್ತವೆ. ಅಂದರೆ 2018ರ ಬಕೆಟ್ಟಿಗೂ 2024ರ ಬಕೆಟ್ಟಿಗೂ ಸ್ವಭಾವದಲ್ಲೇ ವ್ಯತ್ಯಾಸ. ಚಿತ್ರದಲ್ಲಿ ಎರಡೂ ಒಂದೇ ಹಸಿರು. ಲೋಕಕ್ಕೆಲ್ಲ ತೆರೆದಿಟ್ಟ ಬಕೆಟ್ಟಿಗೂ ಒಬ್ಬರೇ ಮುಟ್ಟಬಹುದಾದ ಬಕೆಟ್ಟಿಗೂ ಐಕಾನ್ ಒಂದೇ.

ರೋಲ್‌ನ ಐಕಾನ್ ಮಾತ್ರ ಬಹಳ ಯೋಚಿಸಿ ಮಾಡಿದ್ದು ಎನ್ನಿಸುತ್ತದೆ. ಎಡಬ್ಲ್ಯೂಎಸ್ ಅದಕ್ಕೆ ಕಟ್ಟಡ ಕೆಲಸದವರ ಹೆಲ್ಮೆಟ್ ಕೊಟ್ಟಿದೆ. ರೋಲ್ ಒಬ್ಬ ವ್ಯಕ್ತಿಯಲ್ಲ, ಕೆಲಸದ ಹೊತ್ತಿಗೆ ತಲೆಗೆ ಹಾಕಿಕೊಂಡು ಆಮೇಲೆ ತೆಗೆದಿಡುವಂಥದ್ದು. ಹೆಲ್ಮೆಟ್ ಹಾಕಿಕೊಂಡವರು ಯಾರೇ ಆಗಲಿ, ಅದಕ್ಕಿರುವ ಅನುಮತಿಯೆಲ್ಲ ಅವರದಾಗುತ್ತದೆ. ದುರದೃಷ್ಟವೆಂದರೆ ನಾನು ನೋಡುವ ಚಿತ್ರಗಳಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಐಕಾನ್ ಇದೇ. ಸರ್ವರ್, ಬಕೆಟ್, ಫೈರ್‌ವಾಲ್ ಎಲ್ಲ ಇರುತ್ತವೆ, ಹೆಲ್ಮೆಟ್ ಇರುವುದಿಲ್ಲ. ಪ್ರತಿ ಸರ್ವರ್ ಪಕ್ಕದಲ್ಲಿ ಅದರ ಹೆಲ್ಮೆಟ್ ಬರೆದು, ಆ ಹೆಲ್ಮೆಟ್ಟಿನಿಂದ ಅದು ಮುಟ್ಟಬಲ್ಲ ಪ್ರತಿಯೊಂದಕ್ಕೂ ಬಾಣ ಎಳೆದು ನೋಡಿ. ಅರ್ಧ ಚಿತ್ರ ಬಾಣಗಳಿಂದ ತುಂಬಿಹೋದರೆ ಅನುಮತಿ ಅತಿಯಾಗಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬಾಣದ ವಿಷಯಕ್ಕೆ ಬರಲೇಬೇಕು. ಈ ಇಡೀ ವಿದ್ಯೆಯಲ್ಲಿ ಅತ್ಯಂತ ಅನಾಥವಾಗಿ ಬಿದ್ದಿರುವುದು ಬಾಣ. ಐಕಾನ್ ಬಗ್ಗೆ ಪುಟಗಟ್ಟಲೆ ನಿಯಮ ಇದೆ, ಬಾಣದ ಅರ್ಥದ ಬಗ್ಗೆ ಹೆಚ್ಚೇನೂ ಇಲ್ಲ. ಒಂದು ಆ್ಯಪ್ ಡೇಟಾಬೇಸಿನಿಂದ ಮಾಹಿತಿ ಓದುತ್ತದೆ ಎನ್ನಿ. ಮಾತು ಆರಂಭಿಸುವುದು ಆ್ಯಪ್, ಹಾಗಾಗಿ ಬಾಣ ಆ್ಯಪ್‌ನಿಂದ ಡೇಟಾಬೇಸ್ ಕಡೆಗೆ. ಆದರೆ ಮಾಹಿತಿ ಹರಿಯುವುದು ಡೇಟಾಬೇಸಿನಿಂದ ಆ್ಯಪ್ ಕಡೆಗೆ, ಹಾಗಾಗಿ ಬಾಣ ಆ ಕಡೆಯಿಂದ ಈ ಕಡೆಗೆ. ಯಾವುದು ಸರಿ? ಎರಡೂ ಸರಿ, ಬೇರೆ ಬೇರೆ ಪ್ರಶ್ನೆಗಳಿಗೆ. ಫೈರ್‌ವಾಲ್‌ನಲ್ಲಿ ನಿಯಮ ಬರೆಯುವವರಿಗೆ ಯಾರು ಬಾಗಿಲು ತಟ್ಟುತ್ತಾರೆ ಎಂಬುದು ಬೇಕು. ಗ್ರಾಹಕರ ಮಾಹಿತಿ ಎಲ್ಲಿಂದ ಎಲ್ಲಿಗೆ ಸೋರಬಹುದು ಎಂದು ನೋಡುವವರಿಗೆ ಹರಿವಿನ ದಿಕ್ಕು ಬೇಕು. ಒಂದೇ ಚಿತ್ರದಲ್ಲಿ ಕೆಲವು ಬಾಣ ಮೊದಲ ಅರ್ಥದಲ್ಲಿ, ಕೆಲವು ಎರಡನೆಯ ಅರ್ಥದಲ್ಲಿ, ಕೆಲವು ಎರಡೂ ತುದಿಗೆ ಮೊನೆ ಇಟ್ಟುಕೊಂಡು ಕುಳಿತಿರುವುದನ್ನು ನೋಡಿದಾಗಲೆಲ್ಲ ನನಗೆ ಆತಂಕವಾಗುತ್ತದೆ. ಎರಡು ಮೊನೆಯ ಬಾಣ ಎಂದರೆ ಬಹಳ ಸಲ ಬರೆದವರು ಯೋಚಿಸಲಿಲ್ಲ ಎಂದೇ ಅರ್ಥ. ಚಿತ್ರದ ಮೂಲೆಯಲ್ಲಿ ಸೂಚಿಯೊಂದನ್ನು ಬರೆದು, ಇಲ್ಲಿ ಬಾಣ ಎಂದರೆ ಇದು ಎಂದು ಒಂದು ಸಾಲು ಹೇಳಿದರೆ ಸಾಕು. ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಬಿಡಿಸಿ ನೋಡಿದವರಿಗೆ ಇದು ಹೊಸದಲ್ಲ. ನೀರಿಗೆ ನೀಲಿ, ಎತ್ತರದ ಗೆರೆಗೆ ಕಂದು, ಜನವಸತಿಗೆ ಕೆಂಪು ಎಂಬ ಒಪ್ಪಂದ ಇರುವುದರಿಂದಲೇ ಬೀದರಿನ ಹಾಳೆಯನ್ನೂ ಕೊಡಗಿನ ಹಾಳೆಯನ್ನೂ ಒಂದೇ ಕಣ್ಣಿನಿಂದ ಓದಬಹುದು.

ಬಾಣಗಳನ್ನು ಗಂಭೀರವಾಗಿ ತೆಗೆದುಕೊಂಡ ಹಳೆಯ ಪರಂಪರೆಯೊಂದಿದೆ, ಅದು ಕ್ಲೌಡ್‌ಗಿಂತ ಬಹಳ ಹಿಂದಿನದು. 1970ರ ದಶಕದ ಕೊನೆಯಲ್ಲಿ ಟಾಮ್ ಡಿಮಾರ್ಕೊ ಮುಂತಾದವರು ಜನಪ್ರಿಯಗೊಳಿಸಿದ ಡೇಟಾ ಫ್ಲೋ ಡಯಾಗ್ರಮ್‌ನಲ್ಲಿ ಬಣ್ಣವೂ ಇಲ್ಲ, ಕಂಪನಿಯ ಗುರುತೂ ಇಲ್ಲ. ಹೊರಗಿನವರಿಗೆ ಚೌಕ, ಕೆಲಸಕ್ಕೆ ವೃತ್ತ, ಸಂಗ್ರಹಕ್ಕೆ ಎರಡು ಸಮಾಂತರ ಗೆರೆ, ಹರಿವಿಗೆ ಹೆಸರಿರುವ ಬಾಣ. ಭದ್ರತೆಯವರು ಮುಂದೆ ಇದಕ್ಕೆ ಒಂದೇ ಒಂದು ಗೆರೆ ಸೇರಿಸಿದರು. ಚುಕ್ಕೆ ಚುಕ್ಕೆಯ ನಂಬಿಕೆಯ ಗಡಿ. ಆ ಗೆರೆಯ ಈಚೆ ಇರುವವರನ್ನು ಒಂದು ಮಟ್ಟಕ್ಕೆ ನಂಬುತ್ತೇವೆ, ಆಚೆ ಇರುವವರನ್ನು ಇನ್ನೊಂದು ಮಟ್ಟಕ್ಕೆ. ಬಾಣವೊಂದು ಆ ಗಡಿ ದಾಟಿದಲ್ಲೆಲ್ಲ ನಿಂತು ಪ್ರಶ್ನೆ ಕೇಳಬೇಕು. 1999ರಲ್ಲಿ ಮೈಕ್ರೋಸಾಫ್ಟ್‌ನ ಲೋರೆನ್ ಕೋನ್‌ಫೆಲ್ಡರ್ ಮತ್ತು ಪ್ರೇರಿತ್ ಗರ್ಗ್ ಆ ಪ್ರಶ್ನೆಗಳನ್ನು ಆರು ಬಗೆಯಾಗಿ ವಿಂಗಡಿಸಿ ಸ್ಟ್ರೈಡ್ ಎಂದು ಹೆಸರಿಟ್ಟರು. ಬೇರೆಯವರ ಸೋಗು ಹಾಕುವುದು, ಮಾಹಿತಿ ತಿದ್ದುವುದು, ಮಾಡಿಯೂ ಮಾಡಿಲ್ಲ ಎನ್ನುವುದು, ಗುಟ್ಟು ಹೊರಗೆ ಬೀಳುವುದು, ಸೇವೆಯೇ ನಿಂತುಹೋಗುವಂತೆ ಮಾಡುವುದು, ತನಗಿಲ್ಲದ ಅಧಿಕಾರ ಪಡೆಯುವುದು. ಬಣ್ಣದ ಐಕಾನ್‌ಗಳ ಮುಂದೆ ಈ ಬೋಳು ಚಿತ್ರ ಸಪ್ಪೆಯಾಗಿ ಕಾಣುತ್ತದೆ ನಿಜ. ಆದರೂ ಅಪಾಯ ಹುಡುಕುವ ಕೆಲಸಕ್ಕೆ ಇದನ್ನು ಮೀರಿಸಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಕಾರ್ಡ್ ಪಾವತಿ ನಡೆಸುವ ಕಂಪನಿಗಳು ಪಾಲಿಸಬೇಕಾದ ಪಿಸಿಐ ಡಿಎಸ್ಎಸ್ ಎಂಬ ನಿಯಮಾವಳಿ ಈ ಎರಡು ಬಗೆಯ ಚಿತ್ರಗಳನ್ನೂ ಬೇರೆ ಬೇರೆಯಾಗಿಯೇ ಕೇಳುತ್ತದೆ. 2022ರಲ್ಲಿ ಬಂದ ಅದರ 4.0 ಆವೃತ್ತಿಯಲ್ಲಿ ನೆಟ್‌ವರ್ಕ್ ಚಿತ್ರ ಇರಬೇಕು ಎಂಬುದು ಒಂದು ನಿಯಮ, ಕಾರ್ಡಿನ ಮಾಹಿತಿ ಎಲ್ಲೆಲ್ಲಿ ಹರಿಯುತ್ತದೆ ಎಂದು ತೋರಿಸುವ ಚಿತ್ರ ಇರಬೇಕು ಎಂಬುದು ಅದರ ಮುಂದಿನ ನಿಯಮ. ಎರಡೂ ಕಾಲಕಾಲಕ್ಕೆ ಸರಿಯಾಗಿರಬೇಕು. ನನ್ನ ಸಲಹೆಯೂ ಅದೇ. ಅಧಿಕೃತ ಐಕಾನ್‌ಗಳಿಂದ ಒಂದು ಚಿತ್ರ, ಎಲ್ಲಿ ಏನಿದೆ ಎಂದು ಹೇಳಲು. ಬೋಳು ಆಕಾರಗಳಿಂದ ಇನ್ನೊಂದು, ಏನು ಎಲ್ಲಿಗೆ ಯಾರ ಹೆಸರಿನಲ್ಲಿ ಹೋಗುತ್ತದೆ ಎಂದು ಹೇಳಲು. ಎರಡನ್ನೂ ಒಂದರಲ್ಲೇ ತುರುಕಿದ ಚಿತ್ರ ಯಾರ ಪ್ರಶ್ನೆಗೂ ಪೂರ್ತಿ ಉತ್ತರ ಕೊಡುವುದಿಲ್ಲ. ಎಡಬ್ಲ್ಯೂಎಸ್, ಅಝೂರ್, ಗೂಗಲ್ ಮೂರನ್ನೂ ಬಳಸುವ ಸಂಸ್ಥೆಗಳಲ್ಲಂತೂ ಮೂರು ಶೈಲಿಯ ಐಕಾನ್‌ಗಳು ಒಂದೇ ಹಾಳೆಯಲ್ಲಿ ಗಲಾಟೆ ಎಬ್ಬಿಸುತ್ತವೆ. ಅಲ್ಲಿ ಬೋಳು ಚಿತ್ರವೇ ಆಸರೆ.

ನಮ್ಮ ಬೆಂಗಳೂರಿಗೆ ಇದೆಲ್ಲ ದೂರದ ವಿಷಯವಲ್ಲ. ಹೊರದೇಶದ ಬ್ಯಾಂಕು, ವಿಮೆ, ಆಸ್ಪತ್ರೆಗಳ ವ್ಯವಸ್ಥೆಗಳನ್ನು ಮಾನ್ಯತಾ ಟೆಕ್ ಪಾರ್ಕಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಕುಳಿತು ಹಗಲಿರುಳು ನೋಡಿಕೊಳ್ಳುವವರಲ್ಲಿ ನಮ್ಮ ಹುಡುಗ ಹುಡುಗಿಯರು ತುಂಬ ಇದ್ದಾರೆ. ರಾತ್ರಿ ಎರಡು ಗಂಟೆಗೆ ಎಚ್ಚರಿಕೆ ಮೊಳಗಿದಾಗ, ಆ ವ್ಯವಸ್ಥೆ ಕಟ್ಟಿದವರು ಕೆಲಸ ಬಿಟ್ಟು ಹೋಗಿ ವರ್ಷವಾಗಿರುತ್ತದೆ. ಪಾಳಿಯಲ್ಲಿರುವವರ ಕೈಯಲ್ಲಿ ಉಳಿದಿರುವುದು ಚಿತ್ರ ಒಂದೇ. ಭಾರತದಲ್ಲಿ 2022ರ ಏಪ್ರಿಲ್ 28ರಂದು ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ಲಾಗ್ ಎಲ್ಲಿ ಬೀಳುತ್ತದೆ ಎಂದು ಚಿತ್ರದಲ್ಲಿ ಬರೆದಿದ್ದರೆ ಆ ಆರು ಗಂಟೆಯಲ್ಲಿ ಎರಡು ಗಂಟೆಯಾದರೂ ಉಳಿಯುತ್ತದೆ. ಲಾಗ್‌ನ ದಾರಿಯನ್ನು ಬರೆಯದ ಭದ್ರತಾ ಚಿತ್ರವನ್ನು ನಾನು ಅರ್ಧ ಚಿತ್ರ ಎಂದೇ ಎಣಿಸುತ್ತೇನೆ.

ಹಾಸನದಲ್ಲೋ ಕಲಬುರಗಿಯಲ್ಲೋ ಡಿಪ್ಲೊಮಾ ಓದುತ್ತಿರುವವರಿಗೂ ಈ ವಿದ್ಯೆಗೆ ಕಾಸು ಬೇಕಿಲ್ಲ. ಡ್ರಾ ಡಾಟ್ ಐಒ ಎಂಬ ಉಚಿತ ಉಪಕರಣದಲ್ಲಿ ದೊಡ್ಡ ಕಂಪನಿಗಳ ಐಕಾನ್‌ಗಳೆಲ್ಲ ಮೊದಲೇ ಇವೆ. ಹೆಸರುಗಳನ್ನು ಕನ್ನಡದಲ್ಲೇ ಬರೆದರೂ ಚಿತ್ರ ಕೆಲಸ ಮಾಡುತ್ತದೆ. ಎಚ್ಚರ ಬೇಕಾದದ್ದು ಬೇರೆ ಕಡೆ. ಖಾತೆಯ ಸಂಖ್ಯೆ, ಒಳಗಿನ ಐಪಿ ವಿಳಾಸ, ಬಕೆಟ್ಟಿನ ಪೂರ್ತಿ ಹೆಸರು ಇರುವ ಚಿತ್ರವನ್ನು ಕೆಲಸದ ಅರ್ಜಿಯ ಜೊತೆಗೋ ಕಾಲೇಜಿನ ಪ್ರಾಜೆಕ್ಟ್ ವರದಿಗೋ ಅಂಟಿಸಬಾರದು. ಆದರೆ ಕಂಪನಿಯ ಒಳಗಿನವರಿಂದ ಅದನ್ನು ಬಚ್ಚಿಡುವುದರಿಂದ ಲಾಭವಿಲ್ಲ. ಕೆಲಸ ಮಾಡುವವರ ಕೈಗೆ ಸಿಗದ ನಕ್ಷೆ ಕಾಲ ಕಳೆದಂತೆ ಸುಳ್ಳಾಗುತ್ತ ಹೋಗುತ್ತದೆ, ಸುಳ್ಳಾದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಸುಳ್ಳಾಗುವುದಕ್ಕೆ ಹೆಚ್ಚು ದಿನವೂ ಬೇಡ. 2023ರಲ್ಲಿ ಮೈಕ್ರೋಸಾಫ್ಟ್ ತನ್ನ ಅಝೂರ್ ಆ್ಯಕ್ಟಿವ್ ಡೈರೆಕ್ಟರಿಗೆ ಎಂಟ್ರಾ ಐಡಿ ಎಂದು ಹೆಸರು ಬದಲಿಸಿತು. ಹಳೆಯ ಚಿತ್ರಗಳು ಒಂದೇ ಏಟಿಗೆ ಹಳೆಯ ಹೆಸರಿನಲ್ಲಿ ನಿಂತುಬಿಟ್ಟವು. ಹೆಸರಿನ ವ್ಯತ್ಯಾಸ ಸಣ್ಣದು. ದೊಡ್ಡದು, ದಿನವೂ ಸೇರುವ ಹೊಸ ಅನುಮತಿಗಳು, ತೆರೆದ ಹೊಸ ಪೋರ್ಟ್‌ಗಳು. ಅದಕ್ಕೇ ಈಗ ಹಲವು ತಂಡಗಳು ಚಿತ್ರವನ್ನು ಕೋಡ್ ಆಗಿ ಬರೆಯುತ್ತಿವೆ. ಮರ್ಮೇಡ್, ಪ್ಲಾಂಟ್‌ಯುಎಂಎಲ್‌ನಂಥ ಉಪಕರಣಗಳಲ್ಲಿ ನಾಲ್ಕು ಸಾಲು ಪಠ್ಯ ಬರೆದರೆ ಚಿತ್ರ ತಾನಾಗಿ ಮೂಡುತ್ತದೆ. ಪಠ್ಯ ಗಿಟ್‌ನಲ್ಲಿ ಇರುವುದರಿಂದ ಯಾವ ಬಾಣವನ್ನು ಯಾರು ಯಾವಾಗ ಸೇರಿಸಿದರು ಎಂಬ ಇತಿಹಾಸ ಉಳಿಯುತ್ತದೆ. ಇದರ ಜೊತೆಗೆ, ಓಡುತ್ತಿರುವ ಕ್ಲೌಡ್ ಖಾತೆಯನ್ನೇ ಓದಿ ಚಿತ್ರ ತೆಗೆಯುವ ಸಾಧನಗಳೂ ಬಂದಿವೆ. ಮೊದಲನೆಯದು ನಾವು ಬೇಕೆಂದುಕೊಂಡ ಚಿತ್ರ, ಎರಡನೆಯದು ವಾಸ್ತವದಲ್ಲಿ ಇರುವ ಚಿತ್ರ. ಐಕಾನ್‌ಗಳು ಎರಡರಲ್ಲೂ ಒಂದೇ ಆಗಿರುವುದರಿಂದ ಅವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಸುಲಭ. ಎರಡನೆಯದರಲ್ಲಿ ಇದ್ದು ಮೊದಲನೆಯದರಲ್ಲಿ ಇಲ್ಲದ ಪ್ರತಿ ಬಾಣಕ್ಕೂ ಒಂದು ಟಿಕೆಟ್ ತೆರೆದು, ಅದು ಯಾರ ಕೆಲಸಕ್ಕೆ ಬೇಕು ಎಂದು ಕೇಳಿ, ಉತ್ತರ ಬರದಿದ್ದರೆ ಆ ಅನುಮತಿಯನ್ನು ತೆಗೆದುಹಾಕಬೇಕು.